ಅರ್ಧದ ಸಾಣೆ, ಐದು ವರ್ಷದ ಗೊಂದಲ

ಬೆಳಿಗ್ಗೆ ಐದೂಮುಕ್ಕಾಲು. ಹೊರಗೆ ಸೊನ್ನೆಗಿಂತ ಮೂವತ್ತೊಂದು ಡಿಗ್ರಿ ಕೆಳಗೆ. ಹಾರ್ಲೋ ಬೆಂಡ್‌ನ ಐಸ್ ಹಾಕಿ ಅಂಕಣದಲ್ಲಿ, ಮೆಟ್ಟಿಲ ಕೆಳಗಿನ ಗೂಡಿನಂಥ ಕೋಣೆಯೊಳಗೆ ಓರೆಸ್ಟ್ ದನಿಲುಕ್, ಹುಡುಗರ ಬಾಯಲ್ಲಿ ಡ್ಯಾನಿ, ಸ್ಕೇಟುಗಳಿಗೆ ಸಾಣೆ ಹಿಡಿಯುತ್ತಿದ್ದಾರೆ. ಕಿಡಿಗಳು ತೋಳಿನ ಮೇಲೆ ಬಿದ್ದು ಆರುತ್ತವೆ. ಅಲಗನ್ನು ಉಗುರಿನ ಮೇಲೆ ಎಳೆದು ನೋಡಿ, ಪಕ್ಕಕ್ಕಿಟ್ಟು, ಮುಂದಿನ ಜೋಡಿ ಎತ್ತಿಕೊಳ್ಳುತ್ತಾರೆ. "ಮೊದ್ಲು ಬಾಗಿಲು ಹಾಕಮ್ಮ, ಪ್ರಶ್ನೆ ಆಮೇಲೆ," ಎನ್ನುತ್ತಾರೆ, ಪತ್ರಿಕೆಗೆ ಬರೆಯಲು ಬಂದ ನನಗೆ.

ವಯಸ್ಸು ಅರವತ್ತೆಂಟು. ಮೂವತ್ತನಾಲ್ಕು ವರ್ಷಗಳಿಂದ ಇದೇ ಕೆಲಸ. ದಿನಕ್ಕೆ ನಲವತ್ತು ಜೋಡಿ, ಪಂದ್ಯವಿದ್ದರೆ ಅರವತ್ತು. ಯಂತ್ರದ ಸದ್ದಿಗೆ ಎಡಗಿವಿ ಮಂದವಾಗಿದೆ, ಧೂಳಿಗೆ ಕೆಮ್ಮು ಅಂಟಿಕೊಂಡಿದೆ. ಗೋಲು ಹೊಡೆದವರ ಫೋಟೊ ಗೋಡೆ ತುಂಬ ಇವೆ, ಇವರದು ಒಂದೂ ಇಲ್ಲ. ನಾನೂ ಈ ಊರಿನವಳೇ. ಇಷ್ಟು ವರ್ಷ ಇವರ ಕೈಗೆ ಸ್ಕೇಟ್ ಕೊಟ್ಟು ಮುಖ ನೋಡದೆ ಹೋಗಿದ್ದೇನೆ, ನಾಚಿಕೆಯಾಗುತ್ತದೆ.

ನಮ್ಮೂರಲ್ಲಿ ಐದು ವರ್ಷಗಳಿಂದ ಒಂದೇ ಜಗಳ. ನಮ್ಮ ತಂಡದ ಹದಿನೇಳು ವರ್ಷದ ಕೋಲ್ಟನ್ ವೀಬ್‌ನನ್ನು ಸ್ಟೋನಿ ಫೋರ್ಡ್ ತಂಡಕ್ಕೆ ಕೊಟ್ಟು, ಬದಲಿಗೆ ಅಲ್ಲಿನ ಹದಿನಾರು ವರ್ಷದ ಇಬ್ಬರು ಹುಡುಗರನ್ನು ತಂದದ್ದು ಸರಿಯೋ ತಪ್ಪೋ? ತಂದವರಲ್ಲಿ ಒಬ್ಬ ಮನೆ ನೆನಪಾಗಿ ತಿಂಗಳಲ್ಲೇ ಊರಿಗೆ ಓಡಿದಾಗ ಟೋಪಿ ಬಿತ್ತು ಎಂದೆವು. ಕೋಲ್ಟನ್ ಅಲ್ಲಿ ನಲವತ್ತು ಗೋಲು ಹೊಡೆದಾಗ ನಮ್ಮ ಕೋಚ್‌ನನ್ನೇ ಓಡಿಸಬೇಕು ಎಂದೆವು. ಮರುವರ್ಷ ಅವನ ಮಂಡಿ ಮುರಿದು ಆಟವೇ ನಿಂತಿತು. ಆಗ, ಹೇಳಲು ಹೇಸಿಗೆ, ಬಚಾವಾದೆವು ಎಂದೆವು. ತಂದವರಲ್ಲಿ ಇಲ್ಲೇ ಉಳಿದ ಇನ್ನೊಬ್ಬ ಹುಡುಗ ರೆಮಿ ಕಪ್ ಗೆದ್ದುಕೊಟ್ಟ ದಿನ ಅದೇ ಕೋಚ್ ದೇವರಾದ. ಯಾವ ವರ್ಷದ ತೀರ್ಪನ್ನು ನಂಬುವುದು? ನನಗಂತೂ ತಲೆ ಕೆಟ್ಟಿದೆ.

ಈ ವಾದಕ್ಕೆ ಓರೆಸ್ಟ್ ಎಂದೂ ಬಾಯಿ ಹಾಕಿದವರಲ್ಲ. ಏಕೆಂದು ಇವತ್ತು ಹೇಳುತ್ತಾರೆ. ಬರೆಯಿರಿ ಎಂದೂ ಅವರೇ ಹೇಳಿದ್ದಾರೆ.

ಸ್ಕೇಟಿನ ಅಲಗಿನ ಅಡಿಯಲ್ಲಿ ಉದ್ದಕ್ಕೂ ಒಂದು ತಗ್ಗು ಇರುತ್ತದೆ. ಅರ್ಧ ಅಂಗುಲದ ಸಾಣೆಯಾದರೆ ತಗ್ಗು ಆಳ, ಐಸನ್ನು ಕಚ್ಚುತ್ತದೆ. ಮುಕ್ಕಾಲಿನದಾದರೆ ಆಳ ಕಡಿಮೆ, ಸರಾಗ ಜಾರುತ್ತದೆ. ಲೆಕ್ಕ ಉಲ್ಟಾ ಏಕೆಂದು ನನ್ನನ್ನು ಕೇಳಬೇಡಿ. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಸಾಣೆಕಲ್ಲಿನ ಅಂಚನ್ನು ತಿದ್ದಲೇಬೇಕು. ಕೋಲ್ಟನ್‌ನದು ಯಾವತ್ತೂ ಮುಕ್ಕಾಲು.

"ಅವನನ್ನ ಇಟ್ಕೊಳ್ಳೋದಾ ಬೇಡ್ವಾ ಅಂತ ಕೋಚ್ ನೋಡೋಕೆ ಕೂತಿದ್ದ ದಿನ ಅದು," ಎನ್ನುತ್ತಾರೆ ಓರೆಸ್ಟ್. "ಅವನ ಸ್ಕೇಟಿಗೆ ಮುಂಚೆ ಹಿಡ್ದ ಜೋಡಿ ಅರ್ಧದ್ದು. ಕಲ್ಲು ತಿದ್ದೋದು ಮರ್ತು ಇವನದ್ದನ್ನೂ ಹಿಡ್ದುಬಿಟ್ಟೆ. ಹುಡುಗ ಕೆಸರಲ್ಲಿ ಓಡೋ ಹಂಗೆ ಓಡ್ದ. ಮಧ್ಯಾಹ್ನ ಅವನನ್ನ ಸ್ಟೋನಿ ಫೋರ್ಡ್‌ಗೆ ಕೊಟ್ಟೇಬಿಟ್ರು. ಅವನ ಮಂಡಿ ಮುರಿದಿದ್ದೂ ನನ್ನಿಂದ್ಲೇನೋ."

"ಹಾಗಾದ್ರೆ ಕಪ್ ಬಂದಿದ್ದೂ ನಿಮ್ಮಿಂದ್ಲೇ!" ಎಂದು ಕೀಟಲೆ ಮಾಡುತ್ತೇನೆ. ಅವರು ನಗುವುದಿಲ್ಲ.

ಕಳೆದ ವಾರ ಧೈರ್ಯ ಮಾಡಿ ಕೋಲ್ಟನ್‌ಗೆ ಫೋನ್ ಮಾಡಿ ಎಲ್ಲ ಒಪ್ಪಿಕೊಂಡಿದ್ದಾರೆ. ಅವನೀಗ ಸ್ಟೋನಿ ಫೋರ್ಡಿನ ಗೋಧಿ ಗೋದಾಮಿನಲ್ಲಿ ಕೆಲಸಕ್ಕಿದ್ದಾನೆ. ಅವನ ಉತ್ತರವನ್ನು ಓರೆಸ್ಟ್ ಒಂದಕ್ಷರ ಬಿಡದೆ ಒಪ್ಪಿಸುತ್ತಾರೆ: "ಮೊದಲ ತಿರುವಲ್ಲೇ ಗೊತ್ತಾಯ್ತು ಡ್ಯಾನಿ. ವಾಪಸ್ ಬಂದು ಹೇಳಿದ್ರೆ ಕೋಚ್ ಎಲ್ಲರೆದುರು ನಿಮ್ಮ ಜನ್ಮ ಜಾಲಾಡ್ತಿದ್ರು. ಸುಮ್ನೆ ಆಡ್ದೆ. ಇಲ್ಲಿಗೆ ಬರದೇ ಇದ್ರೆ ನಂಗೆ ಲೂಸಿಯಂಥ ಹೆಂಡ್ತಿ ಸಿಗ್ತಿರ್ಲಿಲ್ಲ. ಮಂಡಿ ಅಲ್ಲಿದ್ರೂ ಮುರೀತಿತ್ತೇನೋ, ಯಾರಿಗ್ಗೊತ್ತು?"

ಓರೆಸ್ಟ್ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ. "ಬೈದಿದ್ರೆ ನಿರಾಳ ಆಗ್ತಿತ್ತು. ಈಗ ಕ್ಷಮೆ ಕೇಳ್ಬೇಕಾ, ಮದುವೆ ಮಾಡಿಸಿದ್ದಕ್ಕೆ ಊಟ ಕೇಳ್ಬೇಕಾ, ಒಂದೂ ತಿಳೀತಿಲ್ಲ."

ನಿಮಗೆ ಏನಾಗಬೇಕು ಅನ್ನಿಸುತ್ತದೆ ಎಂದು ಕೇಳುತ್ತೇನೆ.

"ಆ ಬೆಳಿಗ್ಗೆ ಒಂದ್ಸಲ ವಾಪಸ್ ಸಿಗ್ಬೇಕು. ಕಲ್ಲು ತಿದ್ದಿ, ಮುಕ್ಕಾಲಿನ ಸಾಣೆ ಹಿಡಿದು ಕೊಡ್ತೀನಿ. ಆಮೇಲೆ ಬೇಕಾದ್ರೆ ಅವನನ್ನ ಯಾರಿಗಾದ್ರೂ ಕೊಟ್ಕೊಳ್ಳಿ. ಅವನು ಓಡೋದನ್ನ ನೋಡಿ ಕೊಡ್ಲಿ, ಅಷ್ಟೇ."