ಎರಡು ಕೆಮ್ಮಿನ ನ್ಯಾಯಾಧೀಶರು

ನಮ್ಮ ನ್ಯಾಯಾಧೀಶರು ಯಾವ ಮಾತಿಗೂ ಮೊದಲು ಎರಡು ಸಲ ಕೆಮ್ಮುತ್ತಾರೆ. ಆ ಕೆಮ್ಮನ್ನು ಕೊಯಮತ್ತೂರಿನ ಕೋರ್ಟ್ ಕ್ಯಾಂಟೀನಿನಲ್ಲಿ ನನ್ನಷ್ಟು ಚೆನ್ನಾಗಿ ಕೆಮ್ಮುವವರಿಲ್ಲ. ವಕೀಲನಾಗಿ ನಾನು ಗಳಿಸಿದ ಹೆಸರು ಅದೊಂದೇ.

ನಾನು ವಕೀಲೆಯಾದ ನನ್ನ ಸೋದರತ್ತೆಯ ಜೂನಿಯರ್; ಅಂದರೆ ಅವರ ಫೈಲು ಹೊರುವವನು. ಸೂಲೂರಿನ ಕಡೆಯ ರೈತರೊಬ್ಬರ ಬಾವಿ ನೀರು ಪಕ್ಕದಲ್ಲಿ ಬಟ್ಟೆಗೆ ಬಣ್ಣ ಹಾಕುವ ಡೈಯಿಂಗ್ ಕಾರ್ಖಾನೆಯಿಂದ ಕೆಂಪಾಗಿತ್ತು. ಕಾರ್ಖಾನೆ ಹೊರಬಿಡುವ ನೀರನ್ನು ತಡೆಯಬೇಕೆಂಬ ಅವರ ಅರ್ಜಿ ಸೋಮವಾರ ಇದೇ ನ್ಯಾಯಾಧೀಶರ ಮುಂದೆ ವಿಚಾರಣೆಗೆ ಬರುವುದಿತ್ತು. ಭಾನುವಾರ ಮಧ್ಯಾಹ್ನ ಸಿಂಗಾನಲ್ಲೂರು ಬಸ್ ನಿಲ್ದಾಣದ ಟೀ ಅಂಗಡಿಯಲ್ಲಿ ಕಾಲೇಜಿನ ಗೆಳೆಯ ಸಿಕ್ಕಿದ. ಅವನು ಕಾರ್ಖಾನೆ ಪರ ವಕೀಲರ ಜೂನಿಯರ್. ನಿಮ್ಮ ಅತ್ತೆಗೇ ಒಮ್ಮೆ ಕೆಮ್ಮಿ ತೋರಿಸು ನೋಡೋಣ ಎಂದು ತನ್ನ ಫೋನನ್ನೇ ಕೈಗಿತ್ತ. ಹೊಗಳಿದರೆ ನಾನು ಬಾವಿಗೂ ಹಾರುವವನು. ಎರಡು ಸಲ ಕೆಮ್ಮಿ, ನಾಳೆ ಆ ಬಾವಿ ಕೇಸಿಗೆ ವಾಯಿದೆ ಕೇಳಿಬಿಡಿಯಮ್ಮ ಎಂದು ತಮಿಳಿನಲ್ಲಿ ಹೇಳಿದೆ. ಅತ್ತೆ ಫೋನ್ ಇಟ್ಟರು.

ಒಟ್ಟಿಗೆ ನಗೋಣವೆಂದು ಮನೆಗೆ ಓಡಿದೆ. ಅತ್ತೆ ನ್ಯಾಯಾಧೀಶರ ಮೇಲೆ ಮೇಲಿನ ಕೋರ್ಟಿಗೆ ದೂರು ಬರೆಯುತ್ತಿದ್ದರು: ಕರೆ ಬಂದ ಹೊತ್ತು, ನಂಬರು, ನನ್ನ ಒಂದೊಂದು ಮಾತು. ಎರಡು ಕೆಮ್ಮನ್ನೂ ಬಿಟ್ಟಿರಲಿಲ್ಲ. ಆ ಕಾಗದ ಹೋದರೆ ಒಬ್ಬ ನೇರ ಮನುಷ್ಯರ ಹೆಸರು ಮಣ್ಣುಪಾಲು. ಕೇಸು ಇನ್ನೊಂದು ಕೋರ್ಟಿಗೆ ಅಲೆಯುವಷ್ಟು ಕಾಲವೂ ರೈತರ ಬಾವಿ ಕೆಂಪು. ಬಾಗಿಲಲ್ಲೇ ನಿಂತು ಅದೇ ಎರಡು ಕೆಮ್ಮು ಕೆಮ್ಮಿದೆ.

ಅತ್ತೆ ಪೆನ್ನು ಕೆಳಗಿಟ್ಟರು. ಬೈಯಲಿಲ್ಲ.

"ಯಾರ್ ಫೋನ್ ಡಾ ಅದು?"

ಹೇಳಿದೆ.

"ಮಾಡೋಣ ಅಂದಿದ್ದು ನೀನಾ, ಅವನಾ?"

ಅವರ ಕಣ್ಣಿಗೆ ನಾನು ಅಣ್ಣನ ಮಗನಾಗಿರಲಿಲ್ಲ, ಎದುರು ಕಡೆಯ ಸಾಕ್ಷಿಯಾಗಿದ್ದೆ. ಆಗ ನೆನಪಾಯಿತು: ನಾನು ಕೆಮ್ಮುವಾಗ ಅವನು ನಕ್ಕಿರಲಿಲ್ಲ. ಸುತ್ತಮುತ್ತ ನೋಡುತ್ತಿದ್ದ. ಅದು ಬರೀ ಆಟವೋ, ಯಾರಾದರೂ ಹೇಳಿ ಮಾಡಿಸಿದ್ದೋ, ಇವತ್ತಿಗೂ ಗೊತ್ತಿಲ್ಲ.

ಅಷ್ಟು ಒಳ್ಳೆಯ ನ್ಯಾಯಾಧೀಶರು ಹಾಗೆ ಕೇಳುತ್ತಾರೆಂದು ಇಷ್ಟು ಬೇಗ ಹೇಗೆ ನಂಬಿದಿರಿ ಎಂದು ಅತ್ತೆಯನ್ನು ಕೇಳಿದೆ.

"ಮುಂಚೆ ಬೇರೆ ಒಬ್ರು ಜಡ್ಜು ನಿಜವಾಗ್ಲೂ ಹೀಗೇ ಫೋನ್ ಮಾಡಿದ್ರು ಡಾ. ಅವ್ರು ಕೆಮ್ಮಿರ್ಲಿಲ್ಲ, ಅಷ್ಟೇ."

ದೂರನ್ನು ಹರಿದು ಹೊಸ ಹಾಳೆ ನನ್ನ ಮುಂದೆ ತಳ್ಳಿದರು. ಸೋಮವಾರ ಕೋರ್ಟಿನಲ್ಲಿ ಎಲ್ಲರ ಎದುರು ನಿಂತು ನನ್ನ ತಪ್ಪೊಪ್ಪಿಗೆಯನ್ನು ನನ್ನದೇ ದನಿಯಲ್ಲಿ ಓದಿದೆ. ಅದು ಅಷ್ಟು ಸಣ್ಣ ದನಿ ಎಂದು ನನಗೇ ಗೊತ್ತಿರಲಿಲ್ಲ. ಗೆಳೆಯ ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿದ್ದ. ನ್ಯಾಯಾಧೀಶರು ಒಮ್ಮೆ ಕೆಮ್ಮಿ, ನನ್ನನ್ನು ನೋಡಿ, ಎರಡನೆಯದನ್ನು ನುಂಗಿಕೊಂಡರು. ಬಾವಿ ಕೇಸು ಕರೆಸಿದರು.

ಕಾರ್ಖಾನೆಯ ವಕೀಲರು ಎದ್ದು ವಾಯಿದೆ ಕೇಳಿದರು.

ನ್ಯಾಯಾಧೀಶರು ಕೊಡಲಿಲ್ಲ.