ಟೀಸಿ ಮೇಷ್ಟ್ರ ಸರ್‌ನೇಮು

ಕಂಪ್ಯೂಟರಿನ ಲೆಕ್ಕದಲ್ಲಿ ನನಗೆ ನಾಲ್ಕು ಜನ ಗಂಡಂದಿರು. ಪಾಂಡವಪುರದಲ್ಲಿ ಸಂಸಾರ ಮಾಡುವವಳಿಗೆ ಒಬ್ಬ ಕಡಿಮೆಯಾಯಿತಲ್ಲ ಪ್ರಮೀಳಾ ಮೇಡಂ ಎಂದು ನಮ್ಮ ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ ನಗುತ್ತಾರೆ. ನಗಲಿ. ಅನುಭವಿಸುವವಳು ನಾನು ತಾನೆ.

ಇರುವವನೊಬ್ಬನೇ, ಟಿ.ಸಿ. ಸಂತೋಷ್. ಟಿ ಎಂದರೆ ತೊಣ್ಣೂರು, ಹುಟ್ಟಿದ ಊರು. ಸಿ ಎಂದರೆ ಚಿಕ್ಕಸ್ವಾಮಿ, ಅಪ್ಪನ ಹೆಸರು. ನಮ್ಮ ಸೀಮೆಯಲ್ಲಿ ಹೆಸರು ಬರೆಯುವ ಕ್ರಮವೇ ಹಾಗೆ. ಮುಂದೆ ಊರು, ಅದರ ಹಿಂದೆ ಅಪ್ಪ, ಕಟ್ಟಕಡೆಗೆ ನಾವು. ಶ್ರೀರಂಗಪಟ್ಟಣದ ಹತ್ತಿರ ಒಂದು ಖಾಸಗಿ ಕಾಲೇಜಿನಲ್ಲಿ ಮಾರ್ಕೆಟಿಂಗ್ ಪಾಠ ಮಾಡುತ್ತಾರೆ. ಹುಡುಗರ ಬಾಯಲ್ಲಿ ಟೀಸಿ ಮೇಷ್ಟ್ರು. ಹನ್ನೆರಡು ವರ್ಷದಿಂದ ಅಸಿಸ್ಟೆಂಟ್ ಪ್ರೊಫೆಸರ್ ಆಗಿಯೇ ಇದ್ದಾರೆ. ಅಸೋಸಿಯೇಟ್ ಪ್ರೊಫೆಸರ್ ಆಗಬೇಕೆನ್ನುವುದೊಂದೇ ಆಸೆ. ಅದಕ್ಕೆ ಪಾಠ ಚೆನ್ನಾಗಿ ಮಾಡಿದರೆ ಸಾಲದು. ಸಂಶೋಧನಾ ಲೇಖನಗಳು ಅಚ್ಚಾಗಿರಬೇಕು, ಅವನ್ನು ಬೇರೆ ವಿದ್ವಾಂಸರು ತಮ್ಮ ಲೇಖನಗಳಲ್ಲಿ ಉಲ್ಲೇಖಿಸಿರಬೇಕು, ಎಷ್ಟು ಜನ ಉಲ್ಲೇಖಿಸಿದ್ದಾರೆ ಎಂಬ ಲೆಕ್ಕ ಕಂಪ್ಯೂಟರಿನಲ್ಲಿ ಕಾಣಬೇಕು.

ಬರೆದಿಲ್ಲವೆ ಎಂದರೆ, ಬರೆದಿದ್ದಾರೆ ಸ್ವಾಮಿ, ಕಣ್ಣು ಕಿತ್ತುಹೋಗುವಷ್ಟು ಬರೆದಿದ್ದಾರೆ. ಹೊಸದಾಗಿ ಮದುವೆಯಾದಾಗ ನಾನು ಊಟಿಯ ಕನಸು ಕಂಡಿದ್ದೆ. ಈ ಮಹಾರಾಯರು ನನ್ನನ್ನು ಬೈಕಿನಲ್ಲಿ ಕೂರಿಸಿಕೊಂಡು ನಾಗಮಂಗಲದ ಹಳ್ಳಿಗಳ ಡೈರಿ ತೋರಿಸಿದರು. ಆಮೇಲೆ ನನ್ನ ತವರು ಕೆ.ಆರ್. ಪೇಟೆ ಕಡೆಯ ಡೈರಿಗಳು. ಹೆಚ್ಚು ದರ ಕೊಡುವ ಖಾಸಗಿ ಗಾಡಿ ಮನೆ ಬಾಗಿಲಿಗೇ ಬಂದರೂ ರೈತ ಯಾಕೆ ಕ್ಯಾನು ಹಿಡಿದು ಊರ ಡೈರಿಗೇ ಹೋಗಿ ಹಾಲು ಹಾಕುತ್ತಾನೆ ಎನ್ನುವುದು ಅವರ ಪ್ರಶ್ನೆ. ಒಂದು ಸಂಜೆ ಬರದಿದ್ದರೆ “ಯಾಕ್ಲಾ, ಮೈ ಸರಿಯಿಲ್ವಾ?” ಎಂದು ಕೇಳುವವರು ಅಲ್ಲಿರುತ್ತಾರೆ, ಆ ಒಂದು ಮಾತಿಗಾಗಿ ಅವನು ಹೆಚ್ಚಿನ ದರ ಬಿಡುತ್ತಾನೆ ಎಂದು ಬರೆದರು. ಹೊರದೇಶದ ಪತ್ರಿಕೆಯವರು ಮೆಚ್ಚಿ ಒಪ್ಪಿಕೊಂಡರು. ಎಡವಟ್ಟಾದದ್ದು ಅಲ್ಲಿ.

ಆ ಪತ್ರಿಕೆಗಳ ವೆಬ್‌ಸೈಟಿನಲ್ಲಿ ಸರ್‌ನೇಮ್ ಎಂದು ಒಂದು ಖಾನೆ ಇರುತ್ತದೆ. ಅದನ್ನು ತುಂಬದೆ ಮುಂದಕ್ಕೆ ಬಿಡುವುದಿಲ್ಲ. ನಮ್ಮಲ್ಲಿ ಯಾರಪ್ಪನ ಮನೆಯಲ್ಲಿದೆ ಸರ್‌ನೇಮು? ಬೆಲ್ಲದ ಮಾರಾಟದ ಮೇಲೆ ಬರೆದಾಗ ತೊಣ್ಣೂರು ಎಂದು ತುಂಬಿದ್ದರು. ಗಂಜಾಂನಲ್ಲಿ ನಿಮಿಷಾಂಬ ದೇವಸ್ಥಾನದ ಮುಂದಿನ ಅಂಗಡಿಗಳ ಮೇಲೆ ಬರೆದಾಗ ಟಿ.ಸಿ. ಎಂದು ತುಂಬಿ, “ಪ್ರಿಯ ಡಾಕ್ಟರ್ ಟೀಸಿ” ಎಂಬ ಉತ್ತರ ತರಿಸಿಕೊಂಡರು. ಇನ್ನೊಂದರಲ್ಲಿ ಬೇಸತ್ತು ಹೆಸರಿನ ಖಾನೆ, ಸರ್‌ನೇಮಿನ ಖಾನೆ ಎರಡರಲ್ಲೂ ಸಂತೋಷ್ ಎಂದೇ ಹಾಕಿದರು. ಹಾಲಿನ ಲೇಖನ ಕಳಿಸುವಾಗ ಮಾತ್ರ ಸ್ವಲ್ಪ ಯೋಚಿಸಿ ಚಿಕ್ಕಸ್ವಾಮಿ ಎಂದು ಬರೆದರು.

“ಹಸು ಕಟ್ಟಿ ಓದ್ಸಿದ್ದು ಅಪ್ಪ ಕಣೆ. ಹಾಲಿನ ವಿಷ್ಯದಲ್ಲಾದ್ರೂ ಅವರ ಹೆಸರಿರ್ಲಿ,” ಎಂದರು. ನಾನೂ ಹೆಡ್ಡಿಯ ಹಾಗೆ ತಲೆಯಾಡಿಸಿದೆ.

ಕಂಪ್ಯೂಟರು ಒಂದೊಂದು ಹೆಸರಿಗೂ ಒಂದೊಂದು ಖಾತೆ ತೆರೆದು, ಹೀಗೆ ನಾಲ್ಕು ಜನ ಆದರು. ಬೆಲ್ಲವನ್ನು ಕೇಳಿದವರಿಲ್ಲ, ಗಂಜಾಂ ಅಂಗಡಿಗಳನ್ನು ಮೂಸಿದವರಿಲ್ಲ. ಹಾಲಿನ ಲೇಖನ ಮಾತ್ರ ಟರ್ಕಿಯಿಂದ ಬ್ರೆಜಿಲ್‌ವರೆಗೆ ಹೋಯಿತು. ಆ ಲೋಕದಲ್ಲಿ ಸರ್‌ನೇಮೇ ಹೆಸರು, ಸಂತೋಷ್ ಎನ್ನುವುದು ಬರೀ ಒಂದು ‘ಎಸ್’. ಎಲ್ಲರೂ ‘ಚಿಕ್ಕಸ್ವಾಮಿಯವರು ತೋರಿಸಿದಂತೆ’, ‘ಚಿಕ್ಕಸ್ವಾಮಿಯವರ ವಾದದ ಪ್ರಕಾರ’ ಎಂದು ಬರೆದರು. ಇತ್ತ ಸಂತೋಷ್ ಎಂಬ ಖಾತೆಗೆ ಯಾವುದೋ ಊರಿನ ಸಂತೋಷ್ ಎಂಬ ಮೊಣಕಾಲು ಡಾಕ್ಟರ ಲೇಖನಗಳು ತಾವಾಗಿಯೇ ಬಂದು ಸೇರಿಕೊಂಡವು. ಅಲ್ಲಿಗೆ ಐದೂ ಜನ ಆಯಿತು, ಪಾಂಡವಪುರದ ಮರ್ಯಾದೆ ಉಳಿಯಿತು.

ಈ ಸಲದ ಬಡ್ತಿಗೆ ಅರ್ಜಿ ಹಾಕಿದಾಗ ಕಾಲೇಜಿನ ಆಡಳಿತಾಧಿಕಾರಿ ಶ್ರೀನಿವಾಸಮೂರ್ತಿಯವರು ಕನ್ನಡಕ ಏರಿಸಿ ಕೇಳಿದರಂತೆ.

“ಅಲ್ರೀ ಸಂತೋಷ್, ಹೆಸರು ಮಾಡಿರೋ ಲೇಖನವೇ ಈ ಡಾಕ್ಟರ್ ಚಿಕ್ಕಸ್ವಾಮಿಯವರದ್ದು. ನಿಮ್ಮದೇನಿದೆ ಇದರಲ್ಲಿ?”

“ಚಿಕ್ಕಸ್ವಾಮಿ ನಮ್ಮ ತಂದೆ ಸಾರ್.”

“ತಂದೆ ಬರೆದದ್ದನ್ನ ನಿಮ್ಮದು ಅಂತ ತೋರಿಸ್ತಿದ್ದೀರಾ?”

“ಅವರು ಡಾಕ್ಟರಲ್ಲ ಸಾರ್. ಹಸು ಸಾಕಿದ್ದಾರೆ. ಲೇಖನದ ಕೆಳಗೆ ನನ್ನದೇ ಇಮೇಲ್ ಇದೆ, ನಮ್ಮ ಕಾಲೇಜಿನ ಹೆಸರೇ ಇದೆ.”

“ಇಮೇಲ್ ಯಾರು ಬೇಕಾದರೂ ಮಾಡ್ಕೋಬಹುದು ಕಣ್ರೀ.”

ಕೇಳಿ ನನ್ನ ಪಿತ್ತ ನೆತ್ತಿಗೇರಿತು. ನಮ್ಮವರು ಪತ್ರಿಕೆಗೆ ಬರೆದು ಹೆಸರು ತಿದ್ದಿಕೊಡಿ ಎಂದು ಕೇಳಿಕೊಂಡರು. ತಿಂಗಳುಗಟ್ಟಲೆ ಕಾದ ಮೇಲೆ ಉತ್ತರ ಬಂತು. ಹೆಸರು ಬದಲಿಸಬೇಕಾದರೆ ಮೂಲ ಲೇಖಕರಾದ ಡಾಕ್ಟರ್ ಚಿಕ್ಕಸ್ವಾಮಿಯವರೇ ಕೋರಬೇಕಂತೆ. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು. ಕೊನೆಗೆ ಶ್ರೀನಿವಾಸಮೂರ್ತಿಯವರೇ ಉಪಾಯ ಹೇಳಿದರು. ಚಿಕ್ಕಸ್ವಾಮಿಯವರಿಂದ ಬಾಂಡ್ ಪೇಪರಿನ ಮೇಲೆ ಬರೆಸಿಕೊಂಡು ಬನ್ನಿ, ಲೇಖನ ತಮ್ಮದಲ್ಲ ಅಂತ. ಬಡ್ತಿ ಸಭೆಗೆ ಮುಂಚೆ ಕೊಟ್ಟರೆ ಫೈಲು ಮುಂದಕ್ಕೆ ಹೋಗುತ್ತದೆ.

ಭಾನುವಾರ ಬೆಳಗ್ಗೆ ಬಾಂಡ್ ಪೇಪರು ಹಿಡಿದು ತೊಣ್ಣೂರಿಗೆ ಹೋದೆವು. ನಮ್ಮ ಕಡೆ ರೈತರ ಮನೆಗೆ ಮಗ ಸೊಸೆ ಜೋಡಿಯಾಗಿ ಬಾಂಡ್ ಪೇಪರು ತಂದರೆ ಅರ್ಥ ಒಂದೇ. ಅದು ನನಗೆ ಹೊಳೆಯಲೇ ಇಲ್ಲ. ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ನಮ್ಮತ್ತೆ ದ್ಯಾವಮ್ಮ ಕಾಗದ ಕಂಡದ್ದೇ ಎದೆ ಹಿಡಿದುಕೊಂಡರು.

“ಅಯ್ಯೋ ನನ್ನಪ್ಪ, ಪಾಲ್ ಕೇಳಕ್ ಬಂದ್ಬುಟ್ಯಾ? ನಾವಿನ್ನೂ ಬದ್ಕಿರಂಗೇವೆ! ಈ ಪೇಟೆಯವ್ಳು ತಲೆ ತುಂಬವ್ಳೆ ಕಣಪ್ಪ, ನಂಗೊತ್ತು!”

“ಅತ್ತೆ, ನಿಮ್ಮ ಜಮೀನು ನೀವೇ ಇಟ್ಕೊಳಿ! ಒಂದು ಸೈನ್ ಸಾಕು ನಮಗೆ!” ಎಂದು ನಾನು ಕೂಗಿದೆ. ಸೈನ್ ಎಂದ ಮೇಲಂತೂ ಅವರ ಅಳು ಬೀದಿಗೆ ಕೇಳಿಸಿತು. ಪಕ್ಕದ ಮನೆ ಮರಿಯಯ್ಯ ಬಂದು ಬಾಗಿಲಲ್ಲಿ ನಿಂತೇಬಿಟ್ಟರು, ಪಂಚಾಯ್ತಿಗೆ ತಯಾರಾಗಿ. ಅವರನ್ನು ಸಾಗಹಾಕುವಷ್ಟರಲ್ಲಿ ನನ್ನ ತಲೆ ಚಿಟ್ಟು ಹಿಡಿದಿತ್ತು.

ಮಾವ ಮಾತ್ರ ಕಾಗದವನ್ನು ಬೆಳಕಿಗೆ ಹಿಡಿದು, ಒಂದೊಂದೇ ಅಕ್ಷರ ಕೂಡಿಸಿ ಓದಿದರು. “ಸದರಿ ಲೇಖನವನ್ನು ನಾನು ಬರೆದಿರುವುದಿಲ್ಲ. ನನಗೂ ಅದಕ್ಕೂ ಯಾವುದೇ ಸಂಬಂಧವಿರುವುದಿಲ್ಲ.” ಅಲ್ಲಿಗೆ ನಿಲ್ಲಿಸಿದರು.

“ಏನ್ಲಾ ಇದು, ಸಂಬಂಧ ಇಲ್ಲ ಅಂತ? ಮಕ್ಳುನ್ನ ಮನೆಯಿಂದ ಆಚಿಗ್ ಆಕೋರು ಬರಿಯೋ ಮಾತಲ್ವಾ ಇದು?”

ನಮ್ಮವರು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಎಲ್ಲ ಬಿಡಿಸಿ ಹೇಳಿದರು. ಮಾವನ ಮುಖ ಮೆಲ್ಲಗೆ ಅರಳಿತು.

“ಅಂದ್ರೆ ಆ ಟರ್ಕಿಯೋರು, ಅವ್ರು ಇವ್ರು, ಎಲ್ಲಾ ನನ್ ಎಸ್ರು ಬರ್ದವ್ರಾ?”

“ಊಂ ಕಣಪ್ಪ.”

“ಚಿಕ್ಕಸ್ವಾಮಿ ಅಂತಾನೇ?”

“ಅಂಗೇ.”

“ಥತ್ತೇರಿ! ನಾನು ಏಳ್ನೇ ಕಿಲಾಸು ಕಣ್ಲಾ!” ಎಂದು ನಕ್ಕರು. ಅತ್ತೆಯನ್ನು ಕರೆದು, “ಕೇಳ್ಸ್ಕಂಡೇನಮ್ಮಿ?” ಎಂದರು. ಅತ್ತೆ ಸೆರಗಿನಲ್ಲಿ ಮೂಗೊರೆಸಿಕೊಂಡು, “ಅದ್ಕೆ ದುಡ್ಡೇನಾದ್ರೂ ಬತ್ತದಾ?” ಎಂದು ಕೇಳಿದರು. ಬರುವುದಿಲ್ಲ ಎಂದೆ. “ಅಂಗಾರೆ ಸೈನ್ ಆಕ್ಕೊಟ್ಟು ಕಳ್ಸಿ,” ಎಂದು ಅವರೆಕಾಯಿ ಮುಂದಕ್ಕೆಳೆದುಕೊಂಡರು.

ಮಾವ ಪೆನ್ನು ತೆಗೆದುಕೊಂಡರು. ಕಾಗದಕ್ಕೆ ತಾಕಿಸಿ, ಮತ್ತೆ ಎತ್ತಿದರು.

“ಇದ್ಕೆ ಸೈನ್ ಆಕ್ಬುಟ್ರೆ, ಅಲ್ಲೆಲ್ಲಾ ಇರೋ ನನ್ ಎಸ್ರ ತಗದ್ಬುಡ್ತಾರಾ?”

ನಮ್ಮವರು ತಲೆ ತಗ್ಗಿಸಿದರು. ಮಾವ, “ಓಗ್ಲಿ ಬುಡು, ನಂಗ್ಯಾಕೆ,” ಎಂದು ಸೈನು ಮಾಡಿ ಕೊಟ್ಟಿಗೆಯ ಕಡೆ ಎದ್ದುಹೋದರು.

ಕೆರೆ ಏರಿ ಹತ್ತಿರ ನಮ್ಮವರು ಬೈಕು ನಿಲ್ಲಿಸಿ, “ನಾನಿದನ್ನ ಕೊಡಲ್ಲ ಪ್ರಮೀಳಾ,” ಎಂದರು.

“ಕೊಡದೆ? ರಿಟೈರಾಗೋವರೆಗೂ ಅಸಿಸ್ಟೆಂಟಾಗೇ ಇರ್ತೀರಾ? ಜಗತ್ತಿಗೆಲ್ಲ ಮಾರ್ಕೆಟಿಂಗ್ ಹೇಳ್ಕೊಡ್ತೀರಿ, ನಿಮ್ಮ ಹೆಸರು ನಿಮ್ಮದು ಅನ್ನೋಕೆ ಬಾಯಿಲ್ಲ!” ಬಾಯಿಗೆ ಬಂದದ್ದೆಲ್ಲ ಅಂದೆ. ಮಾವನ ಮುಖ ನೋಡಿ ನನಗೂ ಸಂಕಟವಾಗಿತ್ತು. ಆದರೆ ಅಪ್ಪ ಮಗ ಇಬ್ಬರೂ ಮೆತ್ತಗಾದರೆ ಸಂಸಾರ ನಡೆಸುವವರು ಯಾರು? ಕಾಗದ ಅವರ ಕೈಯಿಂದ ಕಿತ್ತುಕೊಂಡು, ಮಾರನೆಯ ದಿನ ನೋಟರಿ ಸೀಲು ಹಾಕಿಸಿ, ರಜೆ ಬರೆದು ನಾನೇ ಕಾಲೇಜಿಗೆ ಹೋದೆ.

ಶ್ರೀನಿವಾಸಮೂರ್ತಿಯವರು ಕಾಗದವನ್ನೂ ಅದರ ಜೊತೆಗಿದ್ದ ಮಾವನ ಆಧಾರ್ ಪ್ರತಿಯನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ನಮ್ಮ ಹಳ್ಳಿಯ ನಾಲಗೆಯಲ್ಲಿ ಸ್ವಾಮಿ ಸಾಮಿಯಾಗುತ್ತದೆ. ಆಧಾರ್ ಮಾಡಿದವನು ಕೇಳಿಸಿಕೊಂಡ ಹಾಗೇ ಬರೆದಿದ್ದ. ಮಾವನೂ ಹಾಗೇ ಸೈನು ಮಾಡಿದ್ದರು.

“ನೋಡಮ್ಮ, ಇಲ್ಲಿರೋದು ಚಿಕ್ಕಸಾಮಿ. ಲೇಖನದಲ್ಲಿರೋದು ಚಿಕ್ಕಸ್ವಾಮಿ. ಇವರೇ ಅವರು ಅನ್ನೋಕೆ ಏನು ಗ್ಯಾರಂಟಿ?”

“ಸಾರ್, ಇವರು ಅವರಲ್ಲ ಅಂತಲೇ ಅಲ್ವಾ ನಾವು ಬರೆಸ್ಕೊಂಡು ಬಂದಿರೋದು!”

“ಅದೇ ಅಮ್ಮ ನಾನೂ ಹೇಳ್ತಿರೋದು. ಸಂಬಂಧವೇ ಇಲ್ಲದವರು ಸಂಬಂಧ ಇಲ್ಲ ಅಂದರೆ ಅದಕ್ಕೇನು ಬೆಲೆ?”

ದೇವರು ವರ ಕೊಟ್ಟರೂ ಪೂಜಾರಿ ಕೊಡ. ಆಧಾರಿನಲ್ಲಿ ಹೆಸರು ತಿದ್ದಿಸಿಕೊಂಡು ಬನ್ನಿ, ಮುಂದಿನ ಸಲ ನೋಡೋಣ ಎಂದು ಫೈಲು ಕಟ್ಟಿದರು. ನಾನು ಮೇಜು ಕುಟ್ಟಿ ಕಿರುಚಾಡಿದೆ. ಅಟೆಂಡರ್ ನರಸಯ್ಯ ಓಡಿಬಂದು ನೀರು ಕೊಟ್ಟರು. ಆ ವಾರ ಸಭೆ ನಡೆಯಿತು. ನಮ್ಮವರ ಹತ್ತಿರವೇ ಓದಿ ಅದೇ ಕಾಲೇಜು ಸೇರಿದ್ದ ಸಿಂಚನ ಅಸೋಸಿಯೇಟ್ ಆದಳು. ಒಳ್ಳೆಯ ಹುಡುಗಿ, ಅವಳ ತಪ್ಪೇನಿಲ್ಲ. ಎಲ್ಲ ಕಡೆಯೂ ಒಂದೇ ಥರ ಹೆಸರು ಬರೆದಿದ್ದಳು. ನಮ್ಮವರು ಮಂಡ್ಯದಿಂದ ಸ್ವೀಟು ತಂದು ಅವಳಿಗೆ ಕೊಟ್ಟು ಬಂದರು. ನನಗೆ ಆ ದಿನ ಊಟ ಸೇರಲಿಲ್ಲ.

ಸಂಜೆ ಮಾವ ಫೋನು ಮಾಡಿದರು.

“ಏನಾಯ್ತವ್ವಾ ಅವ್ನ ಕೆಲ್ಸ?”

“ಆಗಲಿಲ್ಲ ಮಾವ. ನಿಮ್ಮ ಸೈನು ನಡೆಯಲ್ವಂತೆ. ಆ ಚಿಕ್ಕಸ್ವಾಮಿ ನೀವಲ್ಲ ಅನ್ನೋಕೆ ಮೊದಲು ನೀವು ಆ ಚಿಕ್ಕಸ್ವಾಮಿನೇ ಆಗಿರಬೇಕಂತೆ.”



“ಅಂಗಾರೆ... ನನ್ ಎಸ್ರು ಇನ್ನೂ ಅಲ್ಲೇ ಅದೆ ಅನ್ನು!”

ಆ ದನಿಯಲ್ಲಿ ಎಂಥ ಖುಷಿ ಇತ್ತೆಂದರೆ ನನಗೆ ಮೈಯೆಲ್ಲ ಉರಿದುಹೋಯಿತು. ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಅವರೇ, “ಥೂ, ನನ್ ಬಾಯ್ಗೆ ಮಣ್ಣಾಕ! ಮಗೀನ್ ಕೆಲ್ಸ ಕೆಟ್ಟೋಯ್ತಲ್ಲವ್ವಾ,” ಎಂದರು.

“ಇದೆ ಮಾವ, ಯಾರೂ ತೆಗೆದಿಲ್ಲ,” ಎಂದು ಹೇಳಿ ಫೋನಿಟ್ಟೆ.

ಎದುರಿಗೆ ಕೂತು ಹುಡುಗರ ಉತ್ತರಪತ್ರಿಕೆ ತಿದ್ದುತ್ತಿದ್ದ ನಮ್ಮವರು ತಲೆಯೆತ್ತಿದರು.

“ಅಪ್ಪ ಏನಂದ್ರು?”

“ತುಂಬ ಬೇಜಾರು ಮಾಡ್ಕೊಂಡ್ರು,” ಎಂದೆ.