ಮುನ್ನೂರ ಹನ್ನೆರಡು ಸಹಿ

ಟೈಪಿಂಗಕ್ಕನಿಗೆ ಒಂದು ಚಾಳಿ ಇತ್ತು. ಯಾರು ಏನು ಬರೆದುಕೊಂಡು ಬಂದರೂ ತಿದ್ದದೆ ಟೈಪು ಮಾಡಿದರೆ ಅವಳಿಗೆ ಸಮಾಧಾನವೇ ಇಲ್ಲ. ಇಪ್ಪತ್ತೆರಡು ವರ್ಷದಿಂದ ಕೋರ್ಟಿನ ಎದುರಿನ ಪುಟ್ಟ ಅಂಗಡಿಯಲ್ಲಿ, ಒಂದು ಕಂಪ್ಯೂಟರು, ಒಂದು ಜೆರಾಕ್ಸ್ ಮೆಷಿನ್ನಿನ ನಡುವೆ ಕಾಲು ಮಡಚಿ ಕೂತು, ಊರವರ ಅರ್ಜಿಗಳಿಗೆಲ್ಲ ತಲೆ ಬಾಚಿ ಪೌಡರು ಹಚ್ಚಿ ಕಳಿಸಿದವಳು. "ಅಕ್ಕಾ, ನೀವು ಬರೆದ ಮೇಲೆ ನನ್ನ ಜಗಳ ನನಗೇ ಗುರುತು ಸಿಗಲ್ಲ ನೋಡಿ" ಅಂತ ಹಾಲಿನವನು ಒಂದು ಸಲ ನಕ್ಕಿದ್ದ. ಪುಣ್ಯಾತ್ಗಿತ್ತಿ ಅದನ್ನು ಹೊಗಳಿಕೆ ಅಂದುಕೊಂಡಳು.

ಮನೆಯಲ್ಲಿ ಅಪ್ಪ ಇದ್ದರು. ನೆನಪು ಕೈಕೊಟ್ಟು ಮೂರು ವರ್ಷವಾಗಿತ್ತು. ಹೆತ್ತ ಮಗಳನ್ನೇ "ನೀವು ಯಾರ ಮನೆಯವರಮ್ಮ?" ಅನ್ನುತ್ತಿದ್ದರು. ಬಾಗಿಲಿಂದ ಎಡಕ್ಕೆ ತಿರುಗಿ ರಸ್ತೆಗೆ ಇಳಿದರೋ, ಮುಗೀತು ಕಥೆ. ಎರಡು ಸಲ ಪೊಲೀಸರು ಜೀಪಿನಲ್ಲಿ ತಂದು ಬಿಟ್ಟಿದ್ದರು. ಬಲಕ್ಕೆ, ಮನೆ ಹಿಂದಿನ ಹೊಲದ ಕಡೆ ತಿರುಗಿದರೆ ಮಾತ್ರ ಬೇರೆಯೇ ಮನುಷ್ಯ! ನಲವತ್ತು ವರ್ಷ ಅಲ್ಲೇ ಆಳಾಗಿ ದುಡಿದಿದ್ದರಲ್ಲ. ಬದು ಹಿಡಿದು ಪಂಪ್‌ಹೌಸಿನ ತನಕ ಹೋಗಿ, ಒಂದಷ್ಟು ಕಳೆ ಕಿತ್ತು, ಊಟದ ಹೊತ್ತಿಗೆ ತಾವಾಗೇ ಮನೆ ಸೇರುತ್ತಿದ್ದರು. ಆ ಧೈರ್ಯದ ಮೇಲೆಯೇ ಅವಳು ದಿನಾ ಅಂಗಡಿ ಬಾಗಿಲು ತೆಗೆಯುತ್ತಿದ್ದುದು.

ಒಂದು ದಿನ ಕರೆಂಟು ಕಂಬಕ್ಕೆ ನೋಟಿಸು ಅಂಟಿತು. ಹೊಲವೆಲ್ಲ ಮಾರಾಟವಾಗಿದೆ, ಎಂಟುನೂರು ಮನೆಗಳ ಬಡಾವಣೆ ಬರುತ್ತದೆ, ಆಕ್ಷೇಪಣೆ ಇದ್ದವರು ಮೂವತ್ತು ದಿನದೊಳಗೆ ಬರೆದು ಕೊಡಿ ಅಂತ. ನಿವೃತ್ತ ಮೇಷ್ಟ್ರು ಮನೆಮನೆ ತಿರುಗಿ ಎಲ್ಲರ ಕೈಲೂ ಬರೆಸಿದರು. ಕ್ಯಾಲೆಂಡರಿನ ಹಿಂದೆ, ಔಷಧಿ ಚೀಟಿಯ ಮೇಲೆ, ಸಿಕ್ಕಸಿಕ್ಕ ಹಾಳೆಯಲ್ಲಿ ಬರೆದದ್ದು ಟೈಪಿಂಗಕ್ಕನ ಅಂಗಡಿಯಲ್ಲಿ ರಾಶಿ ಬಿತ್ತು. "ನಮ್ಮ ಎಮ್ಮೆ ಇನ್ನು ಎಲ್ಲಿ ಮೇಯಬೇಕು, ನಿಮ್ಮ ತಲೆ ಮೇಲಾ?" ಅಂತ ಹಾಲಿನವನು ಬರೆದಿದ್ದ. ಬಾವಿ ಬತ್ತುತ್ತೆ ಅಂತ ಒಬ್ಬಳು, ಮಳೆ ನೀರು ನಮ್ಮನೆಗೇ ನುಗ್ಗುತ್ತೆ ಅಂತ ಇನ್ನೊಬ್ಬ.

"ಅಯ್ಯೋ, ಇದನ್ನ ಹೀಗೇ ಕೊಟ್ಟರೆ ಆಫೀಸಿನವರು ಮುಸಿಮುಸಿ ನಗ್ತಾರೆ ಮೇಷ್ಟ್ರೇ. ಒಂದು ಚೆಂದದ ಪತ್ರ ಮಾಡ್ತೀನಿ, ಎಲ್ಲರೂ ಅದಕ್ಕೇ ಸಹಿ ಹಾಕಲಿ."

"ನೀನು ಅಂದ ಮೇಲೆ ಮುಗೀತಮ್ಮ," ಅಂದರು ಮೇಷ್ಟ್ರು.

ಎರಡು ದಿನ ಕೂತು ಬರೆದಳು. ಪರಿಸರ ಸಮತೋಲನ, ಅಂತರ್ಜಲ, ಮುಂದಿನ ಪೀಳಿಗೆ, ಏನುಂಟು ಏನಿಲ್ಲ! ಎಮ್ಮೆ ಹೋಯಿತು. ಅಪ್ಪನ ವಿಷಯ ಒಂದು ಸಾಲು ಬರೆದಳು, ಮನೆ ಗೋಳು ಸರಕಾರಕ್ಕೆ ಯಾಕೆ ಅಂತ ತಾನೇ ಅಳಿಸಿದಳು. ಮುನ್ನೂರ ಹನ್ನೆರಡು ಪ್ರತಿ ತೆಗೆದು, ಮುನ್ನೂರ ಹನ್ನೆರಡು ಸಹಿ ಹಾಕಿಸಿ, ಕೈಬರಹದ ಚೀಟಿಗಳನ್ನೆಲ್ಲ ರದ್ದಿಗೆ ಹಾಕಿದಳು.

ಅಹವಾಲು ಕೇಳುವ ದಿನ ಊರಿಗೂರೇ ಆಫೀಸಿನ ಮೆಟ್ಟಿಲ ಮೇಲೆ ಕೂತಿತ್ತು. ಅಧಿಕಾರಿ ಕೆಟ್ಟವನೇನಲ್ಲ, ಪಾಪ, ನೀರು ಕೂಡ ತರಿಸಿದ. ಫೈಲು ತೆಗೆದು, "ಬಂದಿರೋ ಆಕ್ಷೇಪಣೆ ಒಂದು," ಅಂದ.

"ಒಂದಾ? ಮುನ್ನೂರ ಹನ್ನೆರಡು ಸ್ವಾಮಿ!" ಮೇಷ್ಟ್ರು ಎದ್ದೇ ನಿಂತರು.

"ಒಕ್ಕಣೆ ಒಂದೇ ಅಲ್ವಾ ಸಾರ್. ಎಷ್ಟು ಜನ ಸಹಿ ಹಾಕಿದ್ರೂ ನಮ್ಮ ನಿಯಮದಲ್ಲಿ ಅದು ಒಂದೇ. ಬೇರೆ ಬೇರೆ ಹತ್ತು ಬಂದಿದ್ರೆ ಜಾಗಕ್ಕೇ ಬಂದು ನೋಡ್ಬೇಕಿತ್ತು."

"ಈಗ ಬೇರೆ ಬರೆದು ಕೊಟ್ಟರೆ?" ಟೈಪಿಂಗಕ್ಕ ಮೇಜಿನ ಹತ್ತಿರ ಬಂದು ಕೇಳಿದಳು.

"ಗಡುವು ಮುಗೀತಲ್ಲಮ್ಮ."

ಯಾರೂ ಅವಳನ್ನು ಬೈಯಲಿಲ್ಲ. ಹಾಲಿನವನು "ಬಿಡಿ ಅಕ್ಕಾ, ನಮ್ಮ ಹಣೆಬರಹ" ಅಂದ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವತ್ತು ಬಸ್ಸಿನಲ್ಲಿ ಅವಳು ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು.

ತಿಂಗಳೊಳಗೆ ಹೊಲದ ಸುತ್ತ ತಗಡಿನ ಬೇಲಿ ಎದ್ದಿತು. ಮೊದಲ ದಿನ ಅಪ್ಪ ಅದಕ್ಕೆ ಅಂಗೈ ಊರಿ ಮಧ್ಯಾಹ್ನದವರೆಗೂ ಬಿಸಿಲಲ್ಲಿ ನಿಂತಿದ್ದರು. ಮರುದಿನ ಬೇಲಿ ಸವರಿಕೊಂಡೇ ನಡೆದು ಹೆದ್ದಾರಿ ಸೇರಿದರು. ಲಾರಿಯವನು ಬ್ರೇಕು ಒತ್ತಿದ್ದಕ್ಕೆ ಬದುಕಿದರು. ಅಂಗಡಿ ಮುಚ್ಚಿದರೆ ಹೊಟ್ಟೆಗಿಲ್ಲ, ನೋಡಿಕೊಳ್ಳಲು ಇನ್ನೊಬ್ಬರಿಲ್ಲ. ಅವಳು ಬೀಗ ತಂದಳು.

ಬೆಳಿಗ್ಗೆ ಹೊರಗಿನಿಂದ ಬೀಗ ಹಾಕುವಾಗ ಅಪ್ಪ ಕಿಟಕಿಗೆ ಬಂದು ಸರಳು ಹಿಡಿದುಕೊಂಡರು. ಮಗಳೆಂದು ಗುರುತು ಹತ್ತಲಿಲ್ಲ.

"ಅಮ್ಮಾ ತಾಯಿ, ನಾನೇನೋ ತಪ್ಪು ಮಾಡಿರ್ಬೇಕು, ನೆನಪಾಗ್ತಿಲ್ಲ. ನೀವೇ ಹೇಳಿ ಏನಂತ. ತಪ್ಪಾಯ್ತು ಅಂತ ಬರ್ಕೊಡ್ತೀನಿ, ಬಾಗಿಲು ತೆಗೀರಿ."

ಅವಳು ಬೀಗ ಒಂದು ಸಲ ಎಳೆದು ನೋಡಿ ಅಂಗಡಿಗೆ ಹೊರಟಳು.